ಘಟ್ಟದ ಬುಡದ ಕಚೇರಿ ನೌಕರನೂ ಅವನ ಚಿಲ್ಲರೆ ಕಾಸೂ

೧

ದಕ್ಷಿಣ ಕನ್ನಡ ಜಿಲ್ಲೆಯ ಮೂಡಣ ಅಂಚಿನಲ್ಲಿ, ಶಿರಾಡಿ ಘಟ್ಟದ ಬುಡದಲ್ಲಿ, ಗುಂಡ್ಯವೆಂಬ ಸಣ್ಣ ತಾಣವೊಂದಿದೆ. ಅದೇ ಹೆಸರಿನ ಹೊಳೆಯು ಅಲ್ಲಿಂದ ಇಳಿದು ಕುಮಾರಧಾರೆಯನ್ನು ಕೂಡುವುದು. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದು. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಸುಬ್ರಹ್ಮಣ್ಯದ ದಾರಿಯು ಒಡೆಯುವುದೂ ಇಲ್ಲಿಯೇ. ಅರಸರ ಚರಿತ್ರೆಯಲ್ಲಿ ಈ ತಾಣಕ್ಕೆ ದೊಡ್ಡ ಹೆಸರೇನೂ ಇಲ್ಲ. ದಟ್ಟವಾದ ಕಾಡು, ಅರಣ್ಯ ಇಲಾಖೆಯ ತಪಾಸಣೆಯ ಗೇಟು, ದಾರಿಹೋಕರಿಗೆ ಕಾಫಿ ತಿಂಡಿ ಒದಗಿಸುವ ಕೆಲವು ಅಂಗಡಿಗಳು, ಇವೇ ಇದರ ಗುರುತುಗಳು. ಆದರೆ ಘಟ್ಟವನ್ನೇರುವ ಮುನ್ನವೂ ಇಳಿದ ಮೇಲೆಯೂ ಪಯಣಿಗನು ಕೊಂಚ ಹೊತ್ತು ನಿಂತು, ಕಿಸೆಯಿಂದ ಕಾಸು ತೆಗೆದು, ಏನನ್ನಾದರೂ ಕೊಳ್ಳುವ ಜಾಗವು ಒಂದು ಬಗೆಯ ಚರಿತ್ರೆಗೆ ಸಾಕ್ಷಿಯಾಗಿರುತ್ತದೆ. ಆ ಚರಿತ್ರೆಯು ತಿಂಗಳ ಸಂಬಳದಿಂದ ಜೀವಿಸಿದ ಕಚೇರಿ ನೌಕರನದು.

ಪುತ್ತೂರು, ಸುಳ್ಯ, ಕಡಬ ಎಂದು ಈಗ ಮೂರು ತಾಲೂಕುಗಳಾಗಿರುವ ಈ ಸೀಮೆಗೆ, ಮದರಾಸು ಆಧಿಪತ್ಯದ ಕಾಲದಲ್ಲಿ ಮೊದಲು ಉಪ್ಪಿನಂಗಡಿ ತಾಲೂಕೆಂದೂ ಅನಂತರ ಪುತ್ತೂರು ತಾಲೂಕೆಂದೂ ಹೆಸರಿತ್ತು. ಈ ಸೀಮೆಯ ಒಕ್ಕಲು, ಭೂಮಾಲಿಕ, ಗೇಣಿ, ದೈವಾರಾಧನೆ ಇವುಗಳ ವಿಷಯದಲ್ಲಿ ವಿದ್ವಾಂಸರು ಬಹಳವಾಗಿ ಬರೆದಿರುತ್ತಾರೆ. ಆದರೆ ಕಚೇರಿಯಲ್ಲಿ ಕುಳಿತು ಆ ಒಕ್ಕಲಿನ ಹೆಸರನ್ನೂ ಆ ಗೇಣಿಯ ಮೊತ್ತವನ್ನೂ ಬರೆದಿಟ್ಟ ಗುಮಾಸ್ತನ ಬಾಳಿನ ವಿಚಾರವು ಹೆಚ್ಚಾಗಿ ವಿಮರ್ಶೆಗೆ ಬಂದಿಲ್ಲ. ಬರೆದವನೇ ಬರಹದಿಂದ ಹೊರಗುಳಿದುದು ವಿಚಿತ್ರವಾದರೂ ನಿಜ. ಅವನು ಏನನ್ನು ಕೊಂಡನು, ಸಂಜೆಯ ಮೇಲೆ ಎಲ್ಲಿಗೆ ಹೋದನು, ಯಾರ ಪಕ್ಕದಲ್ಲಿ ಕುಳಿತನು ಎಂಬ ಸಣ್ಣ ಪ್ರಶ್ನೆಗಳಿಂದಲೇ ಈ ಸೀಮೆಯ ಸಮಾಜವು ಕಾಳಿನ ಲೆಕ್ಕದಿಂದ ಕಾಸಿನ ಲೆಕ್ಕಕ್ಕೆ ಹೊರಳಿದ ಬಗೆಯನ್ನು ಚೆನ್ನಾಗಿ ತಿಳಿಯಬಹುದು.

೨

ಈ ಸೀಮೆಯಲ್ಲಿ ಸಂಪತ್ತಿನ ಅಳತೆಯು ಬಹುಕಾಲ ಮುಡಿಯೇ ಆಗಿತ್ತು. ಬೈಹುಲ್ಲಿನಲ್ಲಿ ದುಂಡಗೆ ಬಿಗಿದು ಕಟ್ಟಿದ ಅಕ್ಕಿಯ ಮುಡಿಯಲ್ಲಿ ಗೇಣಿಯು ಅಳೆಯಲ್ಪಡುತ್ತಿತ್ತು. ದೇವಸ್ಥಾನದ ತಸ್ತೀಕು, ಆಳಿನ ಕೂಲಿ, ಮದುವೆಯ ಖರ್ಚು ಎಲ್ಲವೂ ಅಕ್ಕಿಯ ಲೆಕ್ಕದಲ್ಲಿಯೇ ಹೇಳಲ್ಪಡುತ್ತಿದ್ದವು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ೪೨ ಸೇರಿನ ಲೆಕ್ಕವು ಪ್ರಸಿದ್ಧವಾದುದು. ಇಂಥ ನಾಡಿನಲ್ಲಿ ನಾಣ್ಯವಿರಲಿಲ್ಲವೆಂದಲ್ಲ. ಮಂಗಳೂರು, ಬಂಟವಾಳಗಳ ವ್ಯಾಪಾರದ ಮೂಲಕ ಅದು ಒಳನಾಡಿಗೂ ಬರುತ್ತಿತ್ತು. ಆದರೆ ದಿನನಿತ್ಯದ ಬಾಳಿಗೆ ಅದು ಅನಿವಾರ್ಯವಾಗಿರಲಿಲ್ಲ.

ಅದು ಅನಿವಾರ್ಯವಾದುದು ಕಚೇರಿಯ ದೆಸೆಯಿಂದ. ಅಮರಸುಳ್ಯ, ಬೆಳ್ಳಾರೆ ಮೊದಲಾದ ಘಟ್ಟದ ಕೆಳಗಿನ ಮಾಗಣೆಗಳು ಕೊಡಗಿನರಸರ ಆಳ್ವಿಕೆಯಲ್ಲಿದ್ದಾಗ ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುವ ರೂಢಿಯಿತ್ತು. ೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡು ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮರುವರ್ಷವೇ, ೧೮೩೫ರಲ್ಲಿ, ಕಂಪೆನಿಯ ಆಳ್ವಿಕೆಗೆಲ್ಲ ಏಕರೂಪವಾದ ರೂಪಾಯಿಯು ಬಳಕೆಗೆ ಬಂದಿತು. ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ಕಿಸ್ತಿನ ಕಾಲಕ್ಕೆ ಕೈಯಲ್ಲಿ ರೂಪಾಯಿಯಿಲ್ಲದ ಒಕ್ಕಲಿಗನು ಅಕ್ಕಿಯನ್ನು ಅಗ್ಗದ ಬೆಲೆಗೆ ಮಾರಬೇಕಾಯಿತು, ಇಲ್ಲವೆ ಸಾಲಗಾರನ ಬಾಗಿಲಿಗೆ ಹೋಗಬೇಕಾಯಿತು. ಇದರ ಮೇಲೆ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರದಲ್ಲಿ ಸರಕಾರದ ಏಕಸ್ವಾಮ್ಯವಿದ್ದುದರಿಂದ ಬಡವನು ದಿನವೂ ಕೊಳ್ಳುವ ಈ ಎರಡು ಸಣ್ಣ ಪದಾರ್ಥಗಳೂ ತುಟ್ಟಿಯಾದವು.

೧೮೩೭ರಲ್ಲಿ ನಡೆದ ಅಮರಸುಳ್ಯದ ದಂಗೆಗೆ ರಾಜಕೀಯವಾದ ಕಾರಣಗಳು ಹಲವಿದ್ದವು. ಪದಚ್ಯುತನಾದ ಕೊಡಗಿನರಸನ ಮೇಲಿನ ಅಭಿಮಾನವೂ ಅವುಗಳಲ್ಲಿ ಒಂದು. ಆದರೆ ನಗದು ಕಂದಾಯದ ಕಷ್ಟವೂ ಉಪ್ಪು ಹೊಗೆಸೊಪ್ಪುಗಳ ದೂರೂ ಅದರ ಬೇರಿನಲ್ಲಿದ್ದುವೆಂಬುದನ್ನು ಇತಿಹಾಸಕಾರರು ಒಪ್ಪಿರುತ್ತಾರೆ. ಕೆದಂಬಾಡಿ ರಾಮಯ್ಯಗೌಡನೇ ಮೊದಲಾದವರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ಜನರು ಆ ವರ್ಷದ ಮಾರ್ಚ್ ತಿಂಗಳ ಕೊನೆಗೆ ಬೆಳ್ಳಾರೆಯ ಖಜಾನೆಯನ್ನು ಹಿಡಿದರು. ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನು ಹೊಕ್ಕು ಸುಮಾರು ಎರಡು ವಾರ ಅದನ್ನು ತಮ್ಮ ಕೈಯಲ್ಲಿಟ್ಟುಕೊಂಡರು. ಅವರು ಮೊದಲು ಕೈಹಾಕಿದುದು ಖಜಾನೆಗೆ ಎಂಬುದು ಇಲ್ಲಿ ಗಮನಾರ್ಹವಾದುದು. ದಂಗೆಯು ಅಡಗಿತು, ಮುಂದಾಳುಗಳು ಗಲ್ಲಿಗೇರಿದರು, ನಗದು ಕಂದಾಯವು ಉಳಿಯಿತು. ಅದನ್ನು ಎಣಿಸಿ ಬರೆದುಕೊಳ್ಳುವ ಕಚೇರಿಯೂ ಉಳಿದು ಬೆಳೆಯಿತು. ಒಕ್ಕಲಿಗನಿಗೆ ಹೊರೆಯಾಗಿ ಬಂದ ರೂಪಾಯಿಯು ಕಚೇರಿಯ ನೌಕರನಿಗೆ ಜೀವನವಾಯಿತು. ಈ ಎರಡನ್ನೂ ಒಟ್ಟಿಗೆ ನೆನೆಯದೆ ಆ ನೌಕರನ ಬಾಳನ್ನು ಬರೆದರೆ ಅದು ಅರ್ಧಚಿತ್ರವಾಗುವುದು.

೩

ತಾಲೂಕು ಕಚೇರಿಯಲ್ಲಿ ತಹಶೀಲ್ದಾರ, ಶಿರಸ್ತೆದಾರ, ಗುಮಾಸ್ತರು, ಜವಾನರು. ಗ್ರಾಮದಲ್ಲಿ ಪಟೇಲ, ಶಾನುಭಾಗ, ಉಗ್ರಾಣಿ. ಇವರಲ್ಲದೆ ಮುನ್ಸೀಫ ಕೋರ್ಟು, ನೋಂದಣಿ ಕಚೇರಿ, ಅಂಚೆಮನೆ, ಪೋಲೀಸು ಠಾಣೆ, ಅರಣ್ಯ ಇಲಾಖೆ, ಶಾಲೆ ಇವುಗಳಲ್ಲಿ ದುಡಿಯುವವರು: ಇವರೆಲ್ಲರೂ ಸೇರಿ ಪುತ್ತೂರು ಪೇಟೆಯಲ್ಲಿ ಒಂದು ಹೊಸ ವರ್ಗವಾದರು. ಇವರಲ್ಲಿ ಪಟೇಲ ಶಾನುಭಾಗರಿಗೆ ಸಾಮಾನ್ಯವಾಗಿ ಊರಿನಲ್ಲಿ ಗದ್ದೆ ತೋಟಗಳಿರುತ್ತಿದ್ದವು. ವರ್ಗವಾಗಿ ಬಂದ ಗುಮಾಸ್ತನಿಗಾದರೋ ಈ ಊರಿನಲ್ಲಿ ಗದ್ದೆಯೂ ಇಲ್ಲ, ಮನೆಯ ಹಿತ್ತಿಲೂ ಇಲ್ಲ. ಅವನು ಬಾಡಿಗೆಯ ಮನೆಯಲ್ಲಿದ್ದು ಅಕ್ಕಿ, ತೆಂಗಿನಕಾಯಿ, ಸೌದೆ, ಬಾಳೆಲೆಯವರೆಗೆ ಪ್ರತಿಯೊಂದನ್ನೂ ಕೊಂಡು ಬಾಳಬೇಕಾಗಿತ್ತು. ಸುತ್ತಲಿನವರು ಬೆಳೆದು ಉಣ್ಣುವಾಗ ಕೊಂಡು ಉಣ್ಣುವವನು ಇವನೊಬ್ಬನೇ. ಹಳ್ಳಿಯವರ ಕಣ್ಣಿಗೆ ಇವನು ಅಧಿಕಾರದವನಾಗಿಯೂ ತನ್ನ ಮನೆಯೊಳಗೆ ಕೊರತೆಯವನಾಗಿಯೂ ಇದ್ದುದಕ್ಕೆ ಕಾರಣವಿದು.

ಭಾಷೆಯ ವಿಷಯದಲ್ಲಿಯೂ ಇವನ ದಿನವು ಹಲವು ಪಾಲಾಗಿತ್ತು. ದಾಖಲೆಯ ಭಾಷೆ ಕನ್ನಡ, ಮೇಲಧಿಕಾರಿಗೆ ಬರೆಯುವ ಭಾಷೆ ಇಂಗ್ಲಿಷು, ಕಕ್ಷಿಗಾರನೊಡನೆ ಆಡುವ ಭಾಷೆ ತುಳು. ಸುಳ್ಯದ ಕಡೆಯವರು ಬಂದರೆ ಅರೆಭಾಷೆ, ಪೇಟೆಯ ಅಂಗಡಿಯಲ್ಲಿ ಕೊಂಕಣಿ ಅಥವಾ ಬ್ಯಾರಿ. ನಾಣ್ಯದ ಹೆಸರುಗಳೂ ಹೀಗೆಯೇ. ಹದಿನಾರಾಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ ಎಂಬುದು ಲೆಕ್ಕದ ಪುಸ್ತಕದ ಮಾತು; ಪೇಟೆಯಲ್ಲಿ ಕಾಲಾಣೆಯ ಬಿಲ್ಲೆಗೆ ಮುಕ್ಕಾಲು ಎಂಬುದೇ ಹೆಸರು.

ಘಟ್ಟದ ಬುಡದ ಊರುಗಳಿಗೆ ವರ್ಗವಾಗುವುದನ್ನು ನೌಕರರು ಬಯಸುತ್ತಿರಲಿಲ್ಲ. ಮಳೆಯ ಹೊಡೆತ, ತೋಡುಗಳ ನೆರೆ, ದಾರಿಯ ಕಷ್ಟ ಇವುಗಳಿಗಿಂತ ಮಿಗಿಲಾಗಿ ಚಳಿಜ್ವರದ ಅಂಜಿಕೆಯಿತ್ತು. ನೌಕರನ ಸಣ್ಣ ಕೊಳ್ಳುಗೆಗಳಲ್ಲಿ ಕ್ವಿನೈನ್ ಪುಡಿಯನ್ನೂ ಸೇರಿಸಬೇಕಾದುದು ಇದರಿಂದಲೇ. ಕಾಲಾಣೆಗೆ ಒಂದು ಪೊಟ್ಟಣದಂತೆ ಅಂಚೆಮನೆಗಳ ಮೂಲಕ ಕ್ವಿನೈನನ್ನು ಮಾರುವ ಏರ್ಪಾಡು ೧೮೯೦ರ ದಶಕದಲ್ಲಿ ಬಂಗಾಳದಲ್ಲಿ ಆರಂಭವಾಗಿ ಇತರ ಪ್ರಾಂತ್ಯಗಳಿಗೂ ಹಬ್ಬಿತು. ಮದರಾಸು ಪ್ರಾಂತ್ಯಕ್ಕೆ ನೀಲಗಿರಿಯ ಸರಕಾರಿ ಸಿಂಕೋನಾ ತೋಟಗಳಿದ್ದವು. ಕಾಗದ ಹಾಕಲು ಹೋದವನು ಒಂದು ಮುಕ್ಕಾಲಿಗೆ ಔಷಧವನ್ನು ಕೊಂಡು ಬರುವುದು ಈಗಿನವರಿಗೆ ವಿಚಿತ್ರವೆನಿಸಬಹುದು. ಆಗ ಅದು ಪ್ರಾಣದ ಪ್ರಶ್ನೆಯಾಗಿತ್ತು.

ಈ ವರ್ಗದಿಂದಲೇ ಕನ್ನಡದ ಹೊಸ ಸಾಹಿತ್ಯದ ಒಂದು ಭಾಗವು ಹುಟ್ಟಿತೆಂಬುದನ್ನು ಸಾಹಿತ್ಯಾಧ್ಯಾಪಕರು ನೆನೆಯಬೇಕು. ೧೮೯೯ರಲ್ಲಿ ಪ್ರಕಟವಾದ ‘ಇಂದಿರಾಬಾಯಿ’ಯನ್ನು ಬರೆದ ಗುಲ್ವಾಡಿ ವೆಂಕಟರಾಯರು ಪೋಲೀಸು ಇಲಾಖೆಯ ನೌಕರರು. ಪಂಜೆ ಮಂಗೇಶರಾಯರು ವಿದ್ಯಾ ಇಲಾಖೆಯಲ್ಲಿದ್ದು ಊರೂರು ತಿರುಗಿ ಶಾಲೆಗಳ ತನಿಖೆ ಮಾಡಿದವರು. ಮುದ್ದಣನೆಂದು ಹೆಸರಾದ ನಂದಳಿಕೆ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದು ೧೯೦೧ರಲ್ಲಿ ಸಣ್ಣ ವಯಸ್ಸಿನಲ್ಲಿಯೇ ತೀರಿಕೊಂಡನು. ಅವನ ‘ರಾಮಾಶ್ವಮೇಧ’ದ ಚೌಕಟ್ಟು ಮಳೆಗಾಲದಲ್ಲಿ ಮನೆಗೆ ಬಂದ ಗಂಡನು ಹೆಂಡತಿಗೆ ಕಥೆ ಹೇಳುವುದಾಗಿದೆ. ಕಾವ್ಯದಲ್ಲಿ ಅರಮನೆಯ ಮಾತಿದ್ದರೂ, ದುಡಿದು ದಣಿದು ಮನೆಗೆ ಬಂದವನ ಸಂಜೆಯ ಹೊತ್ತು, ಕೈ ಬರಿದಾಗಿದ್ದರೂ ಮಾತಿಗೆ ಬರವಿಲ್ಲದ ದಾಂಪತ್ಯ, ಇವು ಸಣ್ಣ ಸಂಬಳದ ಉಪಾಧ್ಯಾಯನ ಅನುಭವಕ್ಕೆ ದೂರವಾದುವಲ್ಲ.

೪

ನೌಕರನ ವ್ಯಯದಲ್ಲಿ ಎರಡು ಬಗೆಗಳನ್ನು ಬೇರೆಮಾಡಿ ನೋಡಬೇಕು. ಅಕ್ಕಿ, ಎಣ್ಣೆ, ಬಟ್ಟೆ, ಬಾಡಿಗೆ ಇವು ಮನೆಯ ವ್ಯಯ. ಇವು ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆಯಲ್ಪಟ್ಟು ಸಂಬಳದ ದಿನ ತೀರುತ್ತಿದ್ದವು, ಅಥವಾ ತೀರದೆ ಮುಂದಿನ ತಿಂಗಳಿಗೆ ಜಿಗಿಯುತ್ತಿದ್ದವು. ಇವುಗಳ ಹಿಡಿತವು ಹೆಚ್ಚಾಗಿ ಮನೆಯೊಡತಿಯ ಕೈಯಲ್ಲಿತ್ತು. ಎರಡನೆಯದು ನೌಕರನ ಕಿಸೆಯ ವ್ಯಯ. ಕವಳದ ಎಲೆಯಡಿಕೆ, ಹೊಗೆಸೊಪ್ಪು ಅಥವಾ ನಸ್ಯ, ಬೀಡಿ, ಬೆಂಕಿಪೆಟ್ಟಿಗೆ, ಕಾಫಿ, ವರ್ತಮಾನಪತ್ರ, ಮಕ್ಕಳಿಗೆ ಒಂದು ಮುಕ್ಕಾಲಿನ ಬೆಲ್ಲದ ಮಿಠಾಯಿ. ಇವು ಒಂದೊಂದೂ ಅತ್ಯಲ್ಪ. ಆದರೆ ಇವುಗಳಿಂದಲೇ ಪೇಟೆಯು ಪೇಟೆಯಾಯಿತು.

ಪುತ್ತೂರಿನ ಸಂತೆಯು ಸೋಮವಾರ ನೆರೆಯುವುದು. ಒಳನಾಡಿನ ಬೆಳೆಗಾರನಿಗೆ ಅದು ವಾರದ ಹಬ್ಬ; ಕಚೇರಿಯ ನೌಕರನಿಗೆ ಅದು ಕೆಲಸದ ದಿನ. ಆದುದರಿಂದ ಇವನು ಸಂತೆಗೆ ಹೋಗುವುದು ಕಚೇರಿ ಬಿಟ್ಟ ಮೇಲೆ, ಹೊತ್ತು ಇಳಿದ ಬಳಿಕ. ಆಗ ತರಕಾರಿಯು ಬಾಡಿರುವುದು, ಬೆಲೆಯೂ ಇಳಿದಿರುವುದು. ಬೆಳೆದವನು ಹೊರೆಯನ್ನು ತಿರುಗಿ ಹೊತ್ತುಕೊಂಡು ಹೋಗಲಾರದೆ ಕೊಡುವ ಬೆಲೆಗೂ, ಕೊಳ್ಳುವವನ ಕಿಸೆಯಲ್ಲಿ ಉಳಿದಿರುವ ಚಿಲ್ಲರೆಗೂ ಆ ಸಂಜೆಯಲ್ಲಿ ಹೊಂದಿಕೆಯಾಗುತ್ತಿತ್ತು. ಸಂತೆಯು ಬೆಳಿಗ್ಗೆ ಉಳ್ಳವರದೆಂದೂ ಸಂಜೆ ಇಲ್ಲದವರದೆಂದೂ ಹೇಳಿದರೆ ತಪ್ಪಾಗದು.

ಕಾಫಿಯ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಘಟ್ಟದ ಮೇಲಣ ಮಂಜರಾಬಾದಿನಲ್ಲಿ ಕಾಫಿ ತೋಟಗಳು ಬೆಳೆದವು. ಆ ಬೀಜವು ಘಟ್ಟದ ದಾರಿಗಳಲ್ಲಿ ಗಾಡಿಗಳ ಮೇಲೆ ಇಳಿದು, ಮಂಗಳೂರಿನಲ್ಲಿ ಹಸನಾಗಿ, ಹಡಗನ್ನೇರಿ ಹೋಗುತ್ತಿತ್ತು. ಈ ಸೀಮೆಯ ಬಡ ಆಳುಗಳು ಸಾಲ ತೀರಿಸಲೆಂದು ಅದೇ ಘಟ್ಟವನ್ನೇರಿ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (೧೯೩೩) ಚೋಮನ ಮಕ್ಕಳನ್ನು ಘಟ್ಟಕ್ಕೆ ಅಟ್ಟುವುದು ಒಡೆಯನ ಸಾಲವಲ್ಲ, ಕಾಫಿ ತೋಟದ ಸಾಲ. ಹೀಗೆ ಒಬ್ಬನ ದುಡಿತವಾಗಿ ಮೇಲಿದ್ದ ಕಾಫಿಯು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇನ್ನೊಬ್ಬನ ಅಭ್ಯಾಸವಾಗಿ ಪೇಟೆಯ ಹೋಟಲನ್ನು ಹೊಕ್ಕಿತು. ಮನೆಯಲ್ಲಿ ಬೆಳಿಗ್ಗೆ ಗಂಜಿಯುಂಡು ಹೊರಟವನು ಮಧ್ಯಾಹ್ನ ಹೋಟಲಿನಲ್ಲಿ ಕಾಸು ಕೊಟ್ಟು ಕಾಫಿ ಕುಡಿಯುವುದನ್ನು ಹಿರಿಯರು ದುಂದುಗಾರಿಕೆಯೆಂದು ಹಳಿದರು. ಆದರೆ ಆ ಲೋಟದೊಡನೆ ವರ್ತಮಾನಪತ್ರವೂ ಮಾತುಕತೆಯೂ ಸೇರಿದ್ದವು. ಊರಿನ ಗುತ್ತು ಬರಿಕೆಗಳ ಚಾವಡಿಯಲ್ಲಿ ಸ್ಥಾನವಿಲ್ಲದ ಪರವೂರಿನ ನೌಕರನಿಗೆ ಹೋಟಲಿನ ಬೆಂಚೇ ಚಾವಡಿಯಾಯಿತು.

ಚಿಲ್ಲರೆ ಕಾಸಿನ ಇನ್ನೊಂದು ಮುಖವು ಉಳಿತಾಯ. ೧೯೦೪ರಲ್ಲಿ ಸಹಕಾರ ಪತ್ತಿನ ಸಂಘಗಳ ಶಾಸನವು ಬಂದ ಬಳಿಕ, ಪುತ್ತೂರಿನ ವಕೀಲರಾದ ಮೊಳಹಳ್ಳಿ ಶಿವರಾಯರು ೧೯೦೯ರಲ್ಲಿ ಅಲ್ಲಿ ಪತ್ತಿನ ಸಂಘವನ್ನು ನೆಲೆಗೊಳಿಸಿದರು. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕೂ ೧೯೧೪ರಲ್ಲಿ ಪುತ್ತೂರಿನಲ್ಲಿಯೇ ಹುಟ್ಟಿ ಅನಂತರ ಮಂಗಳೂರಿಗೆ ಹೋಯಿತು. ೧೯೨೫ರಲ್ಲಿ ಉಡುಪಿಯಲ್ಲಿ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು, ೧೯೨೮ರಲ್ಲಿ ಪಿಗ್ಮಿ ಠೇವಣಿಯೆಂಬ ಏರ್ಪಾಡನ್ನು ಮಾಡಿತು. ಅದರ ಪ್ರಕಾರ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬ್ಯಾಂಕಿನ ಕಡೆಯವನು ಮನೆಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದನು. ದಿನಕ್ಕೆ ಎರಡಾಣೆಯಾದರೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ಹೋಟಲಿನ ಮಾಣಿಯೂ ಬ್ಯಾಂಕಿನ ಪಿಗ್ಮಿಯವನೂ ಕೈಚಾಚಿದುದು ಒಂದೇ ಎರಡಾಣೆಗೆ. ದಕ್ಷಿಣ ಕನ್ನಡದಲ್ಲಿ ಬ್ಯಾಂಕುಗಳು ವಿಪುಲವಾಗಿ ಬೆಳೆದುದಕ್ಕೆ ದೊಡ್ಡ ಬಂಡವಳಿಗರ ಹಣವೊಂದೇ ಕಾರಣವಲ್ಲ. ಸಣ್ಣವರ ಕಿಸೆಯ ಚಿಲ್ಲರೆಯನ್ನು ಒಟ್ಟುಗೂಡಿಸುವ ಈ ಜಾಣ್ಮೆಯೂ ಕಾರಣವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಚಿಲ್ಲರೆಗೇ ಬರ ಬಂದಿತು. ಲೋಹದ ಕೊರತೆಯಿಂದ ೧೯೪೩ರಲ್ಲಿ ನಡುವೆ ತೂತುಳ್ಳ ಕಾಲಾಣೆಯನ್ನು ಸರಕಾರವು ಟಂಕಿಸಿತು. ಬೆಲೆಗಳು ಏರಿದವು, ಅಕ್ಕಿಗೆ ಪಡಿತರ ಬಂದಿತು. ಗದ್ದೆಯುಳ್ಳವನು ಹೇಗೋ ಉಂಡನು. ಏರದ ಸಂಬಳವನ್ನು ನಂಬಿದವನು ಎಲ್ಲವನ್ನೂ ಏರಿದ ಬೆಲೆಗೆ ಕೊಳ್ಳಬೇಕಾಯಿತು. ನಗದನ್ನು ನಂಬಿದ ಬಾಳಿನ ದೌರ್ಬಲ್ಯವು ಆ ವರ್ಷಗಳಲ್ಲಿ ಬಯಲಾಯಿತು.

೫

ಹಗಲು ಸರಕಾರದ್ದಾದರೆ ರಾತ್ರಿಯು ನೌಕರನದು. ಈ ಸೀಮೆಯಲ್ಲಿ ರಾತ್ರಿಯ ಹೊರಡಾಟವೆಂದರೆ ಮೊದಲು ನೆನಪಾಗುವುದು ಬಯಲಾಟ. ಮಳೆಗಾಲ ಕಳೆದು ಕೊಯ್ಲು ಮುಗಿದ ಮೇಲೆ ಹೊರಡುವ ಮೇಳಗಳು ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವುವು. ಆಟವು ಹರಕೆಯದು, ಆಡಿಸುವವನು ವೀಳ್ಯ ಕೊಡುವನು, ನೋಡುವವನು ಕಾಸು ಕೊಡಬೇಕಾಗಿಲ್ಲ. ಇರುಳು ಕೇಳಿ ಹೊಡೆದುದನ್ನು ಕೇಳಿ ಸೂಟೆ ಹಿಡಿದು ಗುಡ್ಡೆ ಇಳಿದು ಬಂದವರು ಬೆಳಗಿನವರೆಗೂ ಕುಳಿತು ನೋಡುವರು. ಮಳೆಗಾಲದ ರಾತ್ರಿಗಳಲ್ಲಿ ಇದರ ಸ್ಥಾನವನ್ನು ತಾಳಮದ್ದಳೆಯು ತುಂಬುತ್ತಿತ್ತು. ವೇಷವಿಲ್ಲದೆ ಮಾತಿನಿಂದಲೇ ನಡೆಯುವ ಈ ಕಲೆಯಲ್ಲಿ ಅರ್ಥ ಹೇಳುವವರಾಗಿ ಉಪಾಧ್ಯಾಯರೂ ವಕೀಲರೂ ಗುಮಾಸ್ತರೂ ಸೇರುತ್ತಿದ್ದುದು ಸಹಜವೇ ಆಗಿದೆ. ಹಗಲು ಕೋರ್ಟಿನಲ್ಲಿ ವಾದವನ್ನು ಕೇಳಿದವನು ಇರುಳು ಕೃಷ್ಣಸಂಧಾನದಲ್ಲಿ ವಾದಿಸುವನು. ಕಚೇರಿಯಲ್ಲಿ ತಗ್ಗಿದ ದನಿಯಿಂದ ಮಾತಾಡುವವನಿಗೆ ಇಲ್ಲಿ ಕೌರವನ ಕಂಠವು ದೊರೆಯುತ್ತಿತ್ತು.

ಜಾತ್ರೆಗಳು ಬೇರೆ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಗೆ ಏಪ್ರಿಲ್ ೧೦ರಂದು ಕೊಡಿಯೇರಿ ೧೭ರಂದು ರಥೋತ್ಸವ ನಡೆಯುವುದು; ಮಾರ್ಗಶಿರದ ಚಂಪಾಷಷ್ಠಿಗೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ದೊಡ್ಡ ಜಾತ್ರೆ. ನೌಕರನ ಕುಟುಂಬದ ಹೆಂಗಸರಿಗೆ ಬಳೆ, ಕುಂಕುಮ, ಕನ್ನಡಿ, ಮಕ್ಕಳಿಗೆ ಪೀಪಿ ಬತ್ತಾಸುಗಳು ಕೊಳ್ಳಲ್ಪಡುತ್ತಿದ್ದುದು ಇಂಥ ರಾತ್ರಿಗಳಲ್ಲಿ. ಗಂಡಸಿನ ರಾತ್ರಿಗಳು ಅನೇಕ. ಹೆಂಗಸಿನ ರಾತ್ರಿಗಳು ವರ್ಷಕ್ಕೆ ಎರಡೋ ಮೂರೋ. ಈ ಭೇದವನ್ನು ಮರೆತು ಆ ಕಾಲದ ವಿನೋದವನ್ನು ವರ್ಣಿಸುವುದು ಸರಿಯಲ್ಲ.

೧೯೩೦ರ ದಶಕದಲ್ಲಿ ಮೊಳಹಳ್ಳಿಯವರ ಮತ್ತು ಕಾರಂತರ ಪ್ರಯತ್ನದಿಂದ ಪುತ್ತೂರಿನಲ್ಲಿ ನಡೆದ ದಸರಾ ನಾಡಹಬ್ಬವು ಇನ್ನೊಂದು ಬಗೆಯ ಸಂಜೆಯನ್ನು ಒದಗಿಸಿತು. ಸಾಹಿತಿಗಳ ಭಾಷಣ, ನಾಟಕ, ಸಂಗೀತ ಇವುಗಳಿಗೆ ನೆರೆದವರಲ್ಲಿ ಕಚೇರಿ ಶಾಲೆಗಳ ನೌಕರರ ಪಾಲು ದೊಡ್ಡದು. ದೇವಸ್ಥಾನದ ಹಂಗಿಲ್ಲದೆ ಜನರು ಒಂದೆಡೆ ಕಲೆತು ಕನ್ನಡದ ಮಾತನ್ನು ಕೇಳುವ ಅಭ್ಯಾಸವು ಪೇಟೆಗೆ ಬಂದುದು ಹೀಗೆ.

ಇಪ್ಪತ್ತನೆಯ ಶತಮಾನದ ನಡುವಣ ದಶಕಗಳಲ್ಲಿ ಡೇರೆ ಮೇಳಗಳು ಬಂದುವು. ಬಯಲಿಗೆ ಗ‌ೋಡೆಯಂತೆ ಬಟ್ಟೆ ಬಂದಿತು; ಬಾಗಿಲಿನಲ್ಲಿ ಟಿಕೇಟು ಬಂದಿತು; ಆರಾಮಕುರ್ಚಿ, ಕುರ್ಚಿ, ನೆಲ ಎಂದು ದರ್ಜೆಗಳಾದವು. ಈ ಪರಿವರ್ತನೆಯನ್ನು ಕಲೆಯ ಅಧಃಪತನವೆಂದು ಕೆಲವರು ಬರೆದಿರುವರು. ವಿಚಾರಮಾಡಿದರೆ ಇದರಲ್ಲಿ ಎರಡು ಅಂಶಗಳಿವೆ. ಬಯಲಾಟಕ್ಕೆ ಕಾಸು ಬೇಕಾಗಿರಲಿಲ್ಲವೆಂಬುದು ನಿಜ. ಆದರೆ ಕುಳಿತುಕೊಳ್ಳುವ ಜಾಗವು ಹುಟ್ಟಿನಿಂದ ಗೊತ್ತಾಗಿರುತ್ತಿತ್ತು. ಪಟೇಲರಿಗೂ ಕಚೇರಿಯವರಿಗೂ ಮುಂದೆ ಕುರ್ಚಿ. ಒಕ್ಕಲುಗಳಿಗೆ ಹಿಂದೆ ಚಾಪೆ ಅಥವಾ ನೆಲ. ಅಸ್ಪೃಶ್ಯರೆನಿಸಿದವರು ದೂರದ ಗದ್ದೆಯ ಹುಣಿಯ ಮೇಲೆ. ಹೋಟಲಿನ ಸ್ಥಿತಿಯೂ ಇದೇ. ಪ್ರಾಂತ್ಯದ ಅನೇಕ ಪೇಟೆಗಳ ಕಾಫಿ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸಾಲಿತ್ತು. ಕೆಲವರಿಗೆ ಒಳಗೆ ಬರುವ ಹಕ್ಕೇ ಇರಲಿಲ್ಲ. ಎಲ್ಲರ ಮುಕ್ಕಾಲೂ ಒಂದೇ ಟಂಕಸಾಲೆಯದು; ಅದನ್ನು ಕೊಟ್ಟವನು ನಿಲ್ಲುವ ತಾಣ ಮಾತ್ರ ಬೇರೆ ಬೇರೆ.

೧೯೩೪ರ ಫೆಬ್ರವರಿಯಲ್ಲಿ ಗಾಂಧೀಜಿಯವರು ತಮ್ಮ ಹರಿಜನಯಾತ್ರೆಯಲ್ಲಿ ಮಡಿಕೇರಿಯಿಂದ ಸಂಪಾಜೆ ಸುಳ್ಯಗಳ ದಾರಿಯಾಗಿ ಪುತ್ತೂರಿಗೆ ಬಂದಾಗ ಎತ್ತಿದ ಪ್ರಶ್ನೆಯು ಇದೇ. ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಾಂಗವು ತನ್ನ ೧೫ನೆಯ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟಲು, ಸಾರ್ವಜನಿಕ ವಿನೋದದ ಸ್ಥಳ ಇವುಗಳನ್ನು ಹೆಸರಿಸಿಯೇ, ಜಾತಿಯ ಕಾರಣದಿಂದ ಅಲ್ಲಿಗೆ ಯಾರಿಗೂ ಪ್ರವೇಶವನ್ನು ತಡೆಯಬಾರದೆಂದು ವಿಧಿಸಿತು. ದೇಶದ ಮೂಲಶಾಸನದಲ್ಲಿ ಹೋಟಲಿಗೂ ಅಂಗಡಿಗೂ ಜಾಗ ದೊರೆತುದು ಸಣ್ಣ ಕೊಳ್ಳುಗೆಯ ಹಿರಿದಾದ ಅರ್ಥವನ್ನು ತೋರಿಸುವುದು. ಡೇರೆಯ ಟಿಕೇಟು ಬಡವನನ್ನು ಹೊರಗಿಟ್ಟಿತೆಂಬುದು ಎಷ್ಟು ನಿಜವೋ, ಕಾಸು ಕೊಟ್ಟವನನ್ನು ಅವನ ಕುಲವನ್ನು ಕೇಳದೆ ಒಳಗೆ ಕೂರಿಸಿತೆಂಬುದೂ ಅಷ್ಟೇ ನಿಜ.

೬

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಇದರ ಭಾಷಾಸಂಬಂಧವಾದ ಪರಿಣಾಮಗಳು ಬಹುಚರ್ಚಿತವಾದುವು. ಕಚೇರಿ ನೌಕರನ ದೃಷ್ಟಿಯಿಂದ ಮುಖ್ಯವಾದ ಪರಿಣಾಮವೆಂದರೆ ಅವನ ರಾಜಧಾನಿಯ ದಿಕ್ಕು ಬದಲಾದುದು. ೧೯೦೭ರಲ್ಲಿ ಮಂಗಳೂರಿಗೆ ರೈಲು ಬಂದಂದಿನಿಂದ ಮೇಲಿನ ಕಚೇರಿಗೆ ಹೋಗುವುದೆಂದರೆ ಪಡುವಣಕ್ಕೆ ಮಂಗಳೂರಿಗಿಳಿದು, ತೆಂಕಣಕ್ಕೆ ಮಲಬಾರಿನ ಮೂಲಕ ಮದರಾಸಿಗೆ ಪಯಣ ಮಾಡುವುದಾಗಿತ್ತು. ಈಗ ಮುಖ ಮೂಡಣಕ್ಕೆ ತಿರುಗಿತು. ಬೆಂಗಳೂರಿಗೆ ಘಟ್ಟವನ್ನೇರಿ ಹೋಗಬೇಕಾಯಿತು. ಕಾಫಿಯ ಗಾಡಿಗಳಿಳಿದ ದಾರಿಯಲ್ಲಿ ಕಡತದ ಕಟ್ಟುಗಳೂ, ವರ್ಗದ ಅರ್ಜಿ ಹಿಡಿದ ಗುಮಾಸ್ತರೂ, ಪರೀಕ್ಷೆಗೆ ಹೊರಟ ಅವರ ಮಕ್ಕಳೂ ರಾತ್ರಿಯ ಬಸ್ಸಿನಲ್ಲಿ ಏರತೊಡಗಿದರು. ಗುಂಡ್ಯದಂಥ ತಾಣಕ್ಕೆ ಹೊಸ ಅರ್ಥವು ಬಂದುದು ಇಲ್ಲಿಂದ.

ಲೆಕ್ಕದ ಪದ್ಧತಿಗಳೂ ಅದೇ ಕಾಲಕ್ಕೆ ಬದಲಾದವು. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಒಂದಾಣೆಯು ಆರೂ ಕಾಲು ನಯಾಪೈಸೆ. ಕಾಲನ್ನು ಕೊಡಲು ನಾಣ್ಯವಿಲ್ಲದುದರಿಂದ ಒಂದಾಣೆಗೆ ೬, ಎರಡಕ್ಕೆ ೧೨, ಮೂರಕ್ಕೆ ೧೯, ನಾಲ್ಕಕ್ಕೆ ೨೫ ಎಂದು ಸರಕಾರಿ ಕೋಷ್ಟಕವು ಗೊತ್ತುಮಾಡಿತು. ಒಂದೊಂದಾಣೆಯಾಗಿ ನಾಲ್ಕು ಬಾರಿ ಲೆಕ್ಕ ಹಾಕಿದರೆ ೨೪, ಒಮ್ಮೆಗೇ ಹಾಕಿದರೆ ೨೫. ಈ ಒಂದು ಪೈಸೆಯ ಅಂತರವು ಅಂಗಡಿಯವನಿಗೂ ಕೊಳ್ಳುವವನಿಗೂ ವಾದಕ್ಕೆ ಸಾಕಾದ ವಸ್ತುವಾಗಿತ್ತು. ೧೯೫೮ರಿಂದ ಸೇರು ರಾತ್ತಲುಗಳಿಗೆ ಬದಲಾಗಿ ಕಿಲೋಗ್ರಾಮು ಬಂದಿತು. ಹೀಗೆ ಎರಡು ವರ್ಷಗಳಲ್ಲಿ ನೌಕರನ ರಾಜ್ಯ, ನಾಣ್ಯ, ತೂಕ ಮೂರೂ ಹೊಸವಾದವು. ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯನ್ನೇ ಅಳಿಸಿದಾಗ ಮುಡಿಯ ಲೆಕ್ಕದ ಕೊನೆಯ ಆಸರೆಯೂ ಹೋಯಿತು. ಗೇಣಿದಾರನು ಭೂಮಿಯ ಒಡೆಯನಾದನು. ಅವನ ಮಕ್ಕಳಲ್ಲಿ ಅನೇಕರು ಓದಿ ಅದೇ ಕಚೇರಿಗಳಲ್ಲಿ ನೌಕರರಾದರು. ನೂರನಲವತ್ತು ವರ್ಷಗಳ ಹಿಂದೆ ಖಜಾನೆಯ ಹೊರಗೆ ನಿಂತ ಒಕ್ಕಲಿನ ವಂಶದವನು ಅದರೊಳಗೆ ಕುಳಿತು ಲೆಕ್ಕ ಬರೆಯುವಂತಾಯಿತು.

೧೯೭೯ರಲ್ಲಿ ಹಾಸನ ಮಂಗಳೂರು ರೈಲುಮಾರ್ಗವು ಈ ಕಾಡುಗಳ ಮೂಲಕ ತೆರೆಯಿತು. ಆದರೆ ಹಳಿಯನ್ನು ಅಗಲಗೊಳಿಸುವುದಕ್ಕಾಗಿ ೧೯೯೬ರಲ್ಲಿ ಪಯಣಿಗರ ಸಂಚಾರವು ನಿಂತು ೨೦೦೭ರ ಕೊನೆಗೆ ಪುನಃ ಆರಂಭವಾಯಿತು. ಆ ನಡುವಿನ ಕಾಲದಲ್ಲೆಲ್ಲ ರಾತ್ರಿಯ ಬಸ್ಸೇ ಗತಿ. ೨೦೧೫ರಲ್ಲಿಯೂ ೨೦೧೮ರಲ್ಲಿಯೂ ಕಾಂಕ್ರೀಟು ಹಾಕುವ ಕೆಲಸಕ್ಕಾಗಿ ಶಿರಾಡಿ ರಸ್ತೆಯು ತಿಂಗಳುಗಟ್ಟಲೆ ಮುಚ್ಚಲ್ಪಟ್ಟಾಗ ಸಂಚಾರವೆಲ್ಲ ಚಾರ್ಮಾಡಿ ಸಂಪಾಜೆಗಳ ಕಡೆಗೆ ಹೊರಳಿತು. ದಾರಿಯನ್ನು ನಂಬಿದ ಅಂಗಡಿಗೂ ಸಂಬಳವನ್ನು ನಂಬಿದ ನೌಕರನಿಗೂ ಒಂದೇ ವಿಧಿಯೆಂಬುದು ಆಗ ಸ್ಪಷ್ಟವಾಗಿರಬೇಕು: ಇಬ್ಬರ ಬಾಳೂ ಬೇರೊಬ್ಬರ ಬರುವಿಕೆಯನ್ನು ಕಾಯುವುದು.

೭

ಮೇಲೆ ಹೇಳಿದ ಸಂಗತಿಗಳಿಂದ ಒಂದು ತಾತ್ಪರ್ಯವು ಹೊರಡುತ್ತದೆ. ಈ ಸೀಮೆಯಲ್ಲಿ ನಗದು ಹಣವು ಮೊದಲು ದಬ್ಬಾಳಿಕೆಯಾಗಿ ಬಂದಿತು. ಅನಂತರ ಅದು ಒಂದು ವರ್ಗದ ಜೀವನೋಪಾಯವಾಯಿತು. ಕೊನೆಗೆ ಎಲ್ಲರ ದಿನಬಳಕೆಯಾಯಿತು. ಈ ಮೂರು ಅವಸ್ಥೆಗಳ ನಡುವಣ ಸೇತುವೆಯಾಗಿ ನಿಂತವನು ಕಚೇರಿಯ ನೌಕರನು. ಅವನು ವೀರನಲ್ಲ, ಹಲವು ವೇಳೆ ಅವನು ಬಡವನ ದೂರಿಗೆ ಗುರಿಯಾದವನೂ ಹೌದು. ಆದರೆ ಅವನ ಚಿಲ್ಲರೆಯಿಂದ ಹೋಟಲು, ಪತ್ರಿಕೆ, ಪತ್ತಿನ ಸಂಘ, ನಾಡಹಬ್ಬ, ಡೇರೆಯಾಟ ಇವು ಬೆಳೆದವು. ಹುಟ್ಟಿನಿಂದ ಗೊತ್ತಾದ ಸ್ಥಾನಕ್ಕೆ ಬದಲಾಗಿ ಕಾಸಿನಿಂದ ದೊರೆಯುವ ಸ್ಥಾನವೂ, ಅದರ ನ್ಯಾಯಾನ್ಯಾಯಗಳೂ ಅವನ ಹಿಂದೆಯೇ ಬಂದವು.

ಈ ಚರಿತ್ರೆಗೆ ಬೇಕಾದ ಸಾಮಗ್ರಿಯು ಅಳಿಯುತ್ತಿರುವುದು ಶೋಚನೀಯ. ಕಲ್ಲಿನ ಶಾಸನವು ಮಳೆಯನ್ನು ತಡೆಯಬಲ್ಲದು. ಅಂಗಡಿಯ ಉದ್ರಿ ಪುಸ್ತಕ, ಸಂಘದ ಪಾಸುಪುಸ್ತಕ, ಮನೆಯೊಡತಿಯ ಲೆಕ್ಕದ ಚೀಟಿ, ಆಟದ ಕರಪತ್ರ, ಟಿಕೇಟಿನ ಚೂರು ಇವು ಈ ಸೀಮೆಯ ತೇವಕ್ಕೂ ಗೆದ್ದಲಿಗೂ ತಡೆಯಲಾರವು. ಆಣೆಯ ಲೆಕ್ಕವನ್ನು ಬಾಯಲ್ಲಿ ಹೇಳಬಲ್ಲವರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ೨೦೧೧ರ ಜೂನ್ ಕೊನೆಗೆ ೨೫ ಪೈಸೆಯ ನಾಣ್ಯವು ಚಲಾವಣೆಯಿಂದ ಹೋದಾಗ, ಆಣೆಯು ಹೋಗಿ ಅರ್ಧಶತಮಾನವಾಗಿದ್ದರೂ ಅದನ್ನು ಜನರು ‘ನಾಲ್ಕಾಣೆ’ಯೆಂದೇ ಕರೆಯುತ್ತಿದ್ದರು. ಹೆಸರು ವಸ್ತುವಿಗಿಂತ ಹೆಚ್ಚು ಕಾಲ ಬಾಳುವುದಕ್ಕೆ ಇದೊಂದು ಉದಾಹರಣೆ. ಆದರೆ ಹೆಸರಾದರೂ ಎಷ್ಟು ಕಾಲ ಬಾಳೀತು? ತಾಲೂಕಿನ ಶಾಲೆ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳ ಮೂಲಕ ಮನೆಮನೆಯ ಹಳೆಯ ಲೆಕ್ಕದ ಪುಸ್ತಕಗಳನ್ನು ಹುಡುಕಿಸಿ, ಪ್ರತಿಮಾಡಿಸಿ ಇಟ್ಟರೆ, ಅದರಿಂದ ಭಾಷೆಗೂ ಚರಿತ್ರೆಗೂ ಸಮನಾದ ಲಾಭವುಂಟಾಗುವುದು. ಪರರ ಲೆಕ್ಕವನ್ನು ಬರೆಯುತ್ತ ಬಾಳು ಸವೆಯಿಸಿದವನ ಲೆಕ್ಕವನ್ನು ಇನ್ನಾದರೂ ಬರೆದಿಡುವುದು ನ್ಯಾಯವಾದುದಾಗಿದೆ.